ಲಿಕ್ಕರ್ ಶಬ್ದದ ನೀಲಗಿರಿ ಪಾಠಾಂತರ

ನೀಲಗಿರಿಯಲ್ಲಿ ವೈನ್ ಮಾಡುವ ಮನೆತನಗಳು ಉಂಟೋ ಇಲ್ಲವೋ ಎಂಬುದು ಗಹನವಾದ ಪ್ರಶ್ನೆ. ಪೂರ್ವಪಕ್ಷ ನಮ್ಮ ಭಾವನವರದು: ‘ಚಳಿ ಇದ್ದ ಮೇಲೆ ವೈನ್ ಇರಲೇಬೇಕು ಕಣಯ್ಯ.’ ಊಟಿ ಎಂಬುದು ಊಟ ಶಬ್ದದ ಸ್ತ್ರೀಲಿಂಗ, ಊಟ ಇದ್ದಲ್ಲಿ ಪಾನವೂ ಇರತಕ್ಕದ್ದು ಎಂಬ ವ್ಯುತ್ಪತ್ತಿಯೂ ಅವರದೇ. ಅಲ್ಲಿನ ತೋಡ ಬುಡಕಟ್ಟಿನ ಹಟ್ಟಿಗೆ ‘ಮಂದ್’ ಎನ್ನುತ್ತಾರೆ, ಊಟಿಯ ಪೂರ್ತಿ ಹೆಸರಿನ ಬಾಲ ಅಲ್ಲಿಯದು ಎಂದೆ. ‘ಮಂದ ಅಂದ್ರೆ ಅಮಲೇ ತಾನೆ?’ ಎಂದರು.

ಕ್ಷೇತ್ರಕಾರ್ಯ ಗುಂಡ್ಲುಪೇಟೆಯಿಂದ ಹೊರಟು ಬಂಡೀಪುರ, ಮಸಿನಗುಡಿ ದಾಟಿ ಕಲ್ಲಟ್ಟಿ ಘಾಟಿನ 36 ಹೇರ್‌ಪಿನ್ ತಿರುವು ಹತ್ತಿತು. ಹತ್ತೊಂಬತ್ತನೆಯ ತಿರುವಿನಲ್ಲಿ ಭಾವನವರಿಗೆ ವಾಂತಿಯಾದ್ದರಿಂದ ಮುಂದಿನ ಟಿಪ್ಪಣಿಗಳು ತ್ರುಟಿತ.

ಊಟಿಯ ಹೊರಗೆ ಸಿಕ್ಕಿದ್ದು ಬಡಗ ಮನೆತನವೊಂದರ ಟೀ ಫ್ಯಾಕ್ಟರಿ. ಬಡಗು ಎಂದರೆ ಉತ್ತರ. ಮೈಸೂರು ಸೀಮೆಯ ಕಡೆಯಿಂದ ಹಿಂದೆಂದೋ ಬೆಟ್ಟ ಹತ್ತಿದವರು. ಅವರ ಮಾತು ನಮಗೆ ಅರ್ಧ ತಿಳಿಯಿತು. ತಿಳಿಯದ ಅರ್ಧದಿಂದ ಈ ಪ್ರಬಂಧ ಹುಟ್ಟಿದೆ.

ಎರಡೆಲೆ ಒಂದು ಕುಡಿ ಕಿತ್ತು ತಂದು, ಬಾಡಿಸಿ, ಸಿಟಿಸಿ ಯಂತ್ರದ ಹಲ್ಲಿಗೆ ಕೊಟ್ಟು ನುರಿಸಿ, ಹರಡಿ ಬಿಡುತ್ತಾರೆ. ಹಸಿರು ಹೋಗಿ ತಾಮ್ರದ ಬಣ್ಣ ಬರುತ್ತದೆ. ಯಜಮಾನರು ಇದಕ್ಕೆ ‘ಫರ್ಮೆಂಟೇಶನ್’ ಎಂದದ್ದೇ ತಡ, ಭಾವನವರು ನನ್ನ ತೋಳು ಚಿವುಟಿದರು. ಅಲ್ಲಿ ಯೀಸ್ಟೂ ಇಲ್ಲ, ಮಡಕೆಯೂ ಇಲ್ಲ. ಎಲೆಯೊಳಗಿನ ಕಿಣ್ವ ಗಾಳಿ ಸೋಕಿ ಮಾಡುವ ಕೆಲಸ, ಹೆಸರು ಮಾತ್ರ ಹಾಗೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಹಾಗೆಂದು ಬದನೆಕಾಯಿಯನ್ನು ಯಾರೂ ಮದ್ಯ ಎಂದಿಲ್ಲವಲ್ಲ ಎಂಬ ನನ್ನ ಆಕ್ಷೇಪವನ್ನು ಅವರು ಪರಿಗಣಿಸಲಿಲ್ಲ.

ರುಚಿ ನೋಡುವ ಕೋಣೆಯಲ್ಲಿ ಪಿಂಗಾಣಿ ಬಟ್ಟಲುಗಳ ಸಾಲು. ‘ಈ ಲಿಕ್ಕರಿಗೆ ಒಳ್ಳೆ ಬಾಡಿ ಇದೆ’ ಎಂದರು ಯಜಮಾನರು. ಟೀ ಕಸುಬಿನವರು ಡಿಕಾಕ್ಷನ್ನಿಗೇ ಲಿಕ್ಕರ್ ಎನ್ನುವುದು. ಬಾಡಿ ಎಂದರೆ ಗಟ್ಟಿತನ. ಭಾವನವರ ಕಿವಿಯಲ್ಲಿ ಅದು ‘ಬಾಡು’ ಎಂಬ ಪಾಠಾಂತರವಾಗಿ ಇಳಿಯಿತು. ಲಿಕ್ಕರು, ಜೊತೆಗೆ ಬಾಡು! ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟ 2003ರಿಂದ ಸರ್ಕಾರದ ಟಾಸ್ಮಾಕ್ ಕೈಯಲ್ಲಿರುವಾಗ ಇವರು ಹಾಡುಹಗಲೇ ಬಸಿಯುತ್ತಿದ್ದಾರಲ್ಲ ಎಂದು ಬೆರಗಾಗಿ, ದನಿ ತಗ್ಗಿಸಿ, ‘ನಂಜಿಕೊಳ್ಳೋಕೆ ಏನಿದೆ?’ ಎಂದು ಕೇಳಿದರು. ವರ್ಕಿ ಬಿಸ್ಕತ್ತು ಬಂತು.

ಟೀ ರುಚಿ ನೋಡುವ ಈ ಶಾಸ್ತ್ರಕ್ಕೆ ಸೂತ್ರಗ್ರಂಥವೂ ಇದೆ: 1980ರಲ್ಲಿ ಮೊದಲು ಬಂದ ಐಎಸ್‌ಒ 3103. ನೂರು ಮಿಲಿ ನೀರಿಗೆ ಎರಡು ಗ್ರಾಂ ಸೊಪ್ಪು, ಆರು ನಿಮಿಷ. ಇದರ ಮೂಲವಾದ ಆರು ಪುಟಗಳ ಬ್ರಿಟಿಷ್ ಮಾನಕಕ್ಕೆ 1999ರಲ್ಲಿ ಸಾಹಿತ್ಯದ ಇಗ್ ನೊಬೆಲ್ ಎಂಬ ಅಣಕು ಪ್ರಶಸ್ತಿ ಬಂದಿದೆ. ಕನ್ನಡದಲ್ಲಿ ಇಷ್ಟು ಚಿಕ್ಕ ಕೃತಿಗೆ ಪ್ರಶಸ್ತಿ ಕಷ್ಟ.

ಸೂತ್ರ ಹೇಳದ ರಹಸ್ಯವೆಂದರೆ ಸೊರ್ರೆನ್ನುವುದು. ಚಮಚದಿಂದ ರಭಸವಾಗಿ ಹೀರಿದರೆ ಟೀ ತುಂತುರಾಗಿ ನಾಲಿಗೆಯೆಲ್ಲ ಹರಡಿ ಪರಿಮಳ ಮೂಗಿಗೇರುತ್ತದೆ, ಆಮೇಲೆ ಉಗುಳಬೇಕು. ನಮ್ಮಜ್ಜ ಸಾಸರಿಗೆ ಸುರಿದುಕೊಂಡು ಪಕ್ಕದ ಬೀದಿಗೆ ಕೇಳುವಂತೆ ಸೊರ್ರೆನ್ನಿಸುತ್ತಿದ್ದರು. ಹೀಗೆ ಸೊರ್ರೆಂದು ಬೆಲೆ ಕಟ್ಟುವ ಟೀ ಹರಾಜು ಕೂನೂರಿನಲ್ಲಿ ಶುರುವಾದದ್ದು 1963ರಲ್ಲಿ. ಅಜ್ಜ ಅದಕ್ಕೂ ಹಿರಿಯರು. ಅಲ್ಲಿ ಸೊರ್ರೆಂದವರಿಗೆ ಸಂಬಳ, ಇಲ್ಲಿ ಅಜ್ಜಿಯ ಬೈಗುಳ.

ಭಾವನವರು ಉಗುಳಲಿಲ್ಲ. ಕೊಟ್ಟವರ ಎದುರು ಉಗುಳುವುದು ಮರ್ಯಾದೆಯಲ್ಲವೆಂದು ಏಳು ಬಟ್ಟಲನ್ನೂ ಖಾಲಿ ಮಾಡಿದರು. ಅಮಲು ಏರಲಿಲ್ಲ, ನಿದ್ದೆ ಹೋಯಿತು.

ಕಲ್ಲಟ್ಟಿಯಲ್ಲಿ ಹೊರಗಿನ ವಾಹನ ಇಳಿಯುವಂತಿಲ್ಲ, ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಮಾರನೆಯ ದಿನ ಸಂಜೆ ಗೂಡಲೂರಿನ ಮೇಲೆ ಓಡಿಬಂದೆವು. ಗಡಿಯಲ್ಲಿ ತಪಾಸಣೆಯವನು ‘ಎಣ್ಣೆ ಗಿಣ್ಣೆ ಇದೆಯಾ?’ ಎಂದು ಕೇಳಿದ್ದಕ್ಕೆ ಭಾವನವರು ಎದೆಯುಬ್ಬಿಸಿ, ‘ಅರ್ಧ ಕೇಜಿ ಲಿಕ್ಕರು. ಫರ್ಮೆಂಟ್ ಆಗಿದೆ’ ಎಂದರು. ಆತ ಚೀಲ ಬಿಚ್ಚಿ ಮೂಸಿದ.

‘ಡಸ್ಟ್ ಟೀ ಸಾರ್ ಇದು. ನಡೀರಿ, ಗೇಟ್ ಹಾಕ್ತಾರೆ.’