ಡಿಸ್ಕಿಗೊಂದು ಸೂರು

ಲ್ಯಾಪ್‌ಟಾಪ್ ಕೈಕೊಟ್ಟರೂ ಅದರ ಹಾರ್ಡ್ ಡಿಸ್ಕ್ ಎಷ್ಟೋ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಸಾಟಾ-ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಅದನ್ನು ಎಕ್ಸ್‌ಟರ್ನಲ್ ಡ್ರೈವ್ ಆಗಿಸುವ ಅರ್ಧ ಕೆಲಸ ಮುಗಿಯಿತು. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕ್ 5 ವೋಲ್ಟಿಗೇ ತೃಪ್ತ; ಯುಎಸ್‌ಬಿ ಕೊಟ್ಟಷ್ಟರಲ್ಲೇ ತಿರುಗುತ್ತದೆ. ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ ಹೊಸ ಅಳಿಯನ ಗತ್ತು: 12 ವೋಲ್ಟೂ ಬೇಕು, ಅದಕ್ಕೆ ಪ್ರತ್ಯೇಕ ಅಡಾಪ್ಟರೂ ಬೇಕು.

ಇನ್ನು ಪೆಟ್ಟಿಗೆ. ಕೆಟ್ಟ ಡಿವಿಡಿ ಡ್ರೈವ್‌ನ ಹೊಟ್ಟೆ ಬಗೆದರೆ ಪುಕ್ಕಟೆ ತಗಡಿನ ಕವಚ! ಡಿಸ್ಕಿನ ಅಡಿಯ ಸರ್ಕ್ಯೂಟ್ ಬೋರ್ಡ್ ತಗಡಿಗೆ ತಾಗಿ ಶಾರ್ಟ್ ಆಗದಂತೆ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ. ಬಿಗಿಯೋಣವೆಂದರೆ, ಡಬ್ಬಿ ತುಂಬ ಸ್ಕ್ರೂಗಳಿದ್ದರೂ ಬೇಕಾದ ಸೈಜಿನದೊಂದೇ ಇರುವುದಿಲ್ಲ.

"ಅಷ್ಟು ಕಷ್ಟಪಟ್ರಲ್ಲ, ಅದರೊಳಗೆ ಏನಿಡ್ತೀರಿ?" ಎಂದಳು ಮನೆಯಾಕೆ.

"ಉಳಿಸಿದ ದುಡ್ಡಿನ ಲೆಕ್ಕ."

"ಅದಕ್ಕೆ ಚೀಟಿ ಸಾಕಿತ್ತಲ್ರೀ!"