ಅಫಿಡವಿಟ್ ರಾಯರು

ಹನುಮಂತನಗರದ 50 ಅಡಿ ರಸ್ತೆಯಿಂದ ಯಾವ ಅಡ್ಡರಸ್ತೆಗೆ ತಿರುಗಿದರೂ ಇವರೊಬ್ಬರು ಸಿಕ್ಕೇ ಸಿಗುತ್ತಾರೆ. ಬ್ಯಾಂಕೋ, ಎಚ್‌ಎಎಲ್ಲೋ, ಎಜೀಸ್ ಆಫೀಸೋ, ಎಲ್ಲಿಂದಲೋ ನಿವೃತ್ತರು. ಬೆಳಗ್ಗೆ ರಾಮಾಂಜನೇಯ ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ದೇಶವನ್ನು ಒಂದು ಸುತ್ತು ತಿದ್ದಿರುತ್ತಾರೆ. ಲೋಕಸಭೆ ಚುನಾವಣೆ ಘೋಷಣೆಯಾದ ದಿನದಿಂದ ಇವರ ಹೆಸರು ಅಫಿಡವಿಟ್ ರಾಯರು.

“ಈ ಸಲ ಯಾರಿಗೆ ರಾಯರೇ?” ಎಂದು ಕೇಳಿ ನೋಡಿ.

“ಇನ್ನೂ ತೀರ್ಮಾನ ಮಾಡಿಲ್ಲ.”

ಬೆಂಗಳೂರು ದಕ್ಷಿಣ ಕ್ಷೇತ್ರದ ಫಲಿತಾಂಶವನ್ನು ತಾವೇ ತಡೆಹಿಡಿದಿದ್ದೇವೆ ಎಂಬ ಧಾಟಿ.

ಅಭ್ಯರ್ಥಿಯ ಆಸ್ತಿ, ಸಾಲ, ಓದು, ಮೊಕದ್ದಮೆ ಎಲ್ಲವೂ ಪ್ರಮಾಣಪತ್ರದಲ್ಲಿ ಬಹಿರಂಗವಾಗಲಿ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದಾಗ ಇಂಥ ಓದುಗರೊಬ್ಬರು ಇದ್ದಾರೆಂದು ಅದಕ್ಕೆ ತಿಳಿದಿರಲಾರದು. ವರನ ಜಾತಕ ಬಂದಂತೆ ರಾಯರು ಅದನ್ನು ಪ್ರಿಂಟ್ ತೆಗೆಸಿ, ಕನ್ನಡಕ ಒರೆಸಿ ಕೂರುತ್ತಾರೆ. ಮೊದಲು ಹೆಂಡತಿಯ ಚಿನ್ನ, ಆಮೇಲೆ ಕಾರಿನ ಸಾಲ, ಕೊನೆಗೆ ಕೇಸು. 2014ರಲ್ಲಿ ನಂದನ್ ನಿಲೇಕಣಿ ದಂಪತಿ 7,700 ಕೋಟಿ ಚಿಲ್ಲರೆ ಆಸ್ತಿ ಘೋಷಿಸಿದಾಗ ಸೊನ್ನೆ ಎಣಿಸುವುದಕ್ಕೇ ಒಂದು ಬೆಳಗು ಹೋಯಿತು. “ಇಷ್ಟಿದ್ದೋರು ತಿನ್ನಲ್ಲ ಕಣ್ರೀ” ಎಂದರು ಸೋಮವಾರ. “ಇಷ್ಟಿದ್ದೋರಿಗೆ ನಮ್ಮ ಕಷ್ಟ ಏನ್ ತಿಳಿಯುತ್ತೆ?” ಎಂದರು ಮಂಗಳವಾರ. ನಿಲೇಕಣಿ ವಿರುದ್ಧ ಅನಂತಕುಮಾರ್ ಎರಡೂಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಾಗ, “ನಾನು ಮೊದಲೇ ಹೇಳಿರಲಿಲ್ವಾ?” ಎಂದರು. ಎರಡೂ ಹೇಳಿದ್ದರಿಂದ ಯಾರೂ ಅಲ್ಲಗಳೆಯಲಾಗಲಿಲ್ಲ.

ಹೊಸ ಅಭ್ಯರ್ಥಿಯ ನಿಜವಾದ ಎದುರಾಳಿ ರಾಯರ ನೆನಪು. 1977ರಲ್ಲಿ ಗೆದ್ದ ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹುದ್ದೆ ಬಿಟ್ಟು ಬಂದವರು, ಸ್ಪೀಕರ್ ಆದವರು. ಆಮೇಲೆ ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಟಿ.ಆರ್. ಶಾಮಣ್ಣ, ವಿ.ಎಸ್. ಕೃಷ್ಣ ಅಯ್ಯರ್, ಮಾಜಿ ಮುಖ್ಯಮಂತ್ರಿ ಗುಂಡೂರಾವ್, 1991ರಲ್ಲಿ ಅರ್ಥಶಾಸ್ತ್ರಜ್ಞ ವೆಂಕಟಗಿರಿಗೌಡರು. “ಆವಾಗ ಎಂಪಿ ಅಂದ್ರೆ ಎಂಪಿ!” ಆವಾಗ ರಾಯರು ಅವರನ್ನೂ ಹೀಗೇ ಜರಡಿ ಹಿಡಿದಿದ್ದರು ಎಂಬುದಕ್ಕೆ ಬೀದಿಯಲ್ಲಿ ಹಳಬರ ಸಾಕ್ಷಿಯಿದೆ. 1996ರಿಂದ ಅನಂತಕುಮಾರ್ ಆರು ಸಲ ಗೆದ್ದ ಕಾಲ ರಾಯರ ಪಾಲಿಗೆ ಮಾತ್ರ ಬರಗಾಲ. ಪರಿಶೀಲನೆಗೆ ಹೊಸ ಸರಕೇ ಇಲ್ಲ!

ಅನಂತಕುಮಾರ್ ತೀರಿಕೊಂಡ ಮೇಲೆ, 2019ರಲ್ಲಿ ಆ ಹಸಿವೆಲ್ಲ ತೀರಬೇಕಿತ್ತು. ಅವರ ಪತ್ನಿ ತೇಜಸ್ವಿನಿ ಅನಂತಕುಮಾರ್ ಅವರಿಗೇ ಟಿಕೆಟ್ ಎಂದು ಊರೆಲ್ಲ ಅಂದುಕೊಂಡಿತ್ತು, ರಾಯರ ವಿಶ್ಲೇಷಣೆಯೂ ಸಿದ್ಧವಿತ್ತು. ನಾಮಪತ್ರಕ್ಕೆ ಕೊನೆಯ ದಿನ ಬೆಳಗ್ಗೆ ಟಿವಿ ಹಾಕಿದರೆ ತೇಜಸ್ವಿ ಸೂರ್ಯ, ವಯಸ್ಸು 28. “ಇಪ್ಪತ್ತೆಂಟಾ? ನಮ್ಮ ಮನೇಲಿರೋ ಇಪ್ಪತ್ತೆಂಟಕ್ಕೆ ಗ್ಯಾಸ್ ಬುಕ್ ಮಾಡೋಕೆ ಬರಲ್ವಲ್ರೀ!”

ಪ್ರಚಾರದ ಹುಡುಗರಿಗೆ ಇವರ ಮನೆ ಗೊತ್ತು. ಹೊಸಬನೊಬ್ಬ ಅರಿಯದೆ ಗೇಟು ತೆಗೆದರೆ ಮುಗಿಯಿತು. ಕೂರಿಸಿ, ನೀರು ಕೊಟ್ಟು, ಜಿಎಸ್‌ಟಿ ಪಾಲಿನಿಂದ ಶುರು ಮಾಡುತ್ತಾರೆ. ಸಬರ್ಬನ್ ರೈಲು, ಕಾವೇರಿ, ವಿದೇಶಾಂಗ ನೀತಿ ದಾಟಿ ಮುಕ್ಕಾಲು ಗಂಟೆಯಾದ ಮೇಲೆ ದನಿ ತಗ್ಗಿಸಿ, “ಅದಿರಲಿ, ಈ ಮೋರಿ ಸ್ಲ್ಯಾಬ್ ಯಾವಾಗ ಹಾಕಿಸ್ತೀರಾ?” ಮೋರಿ ಲೋಕಸಭೆಯ ವಿಷಯವಲ್ಲ ಎಂದು ಪಕ್ಕದ ಮನೆಯವರಿಗೆ ಪಾಠ ಮಾಡಿದವರೂ ಇವರೇ. ಆದರೆ 2020ರ ಸೆಪ್ಟೆಂಬರಿಗೆ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ಬೆಂಗಳೂರಿನ ಮೋರಿಗೆ ವಾರಸುದಾರರೇ ಇಲ್ಲದಂತಾಯಿತು. ಬಾಗಿಲಿಗೆ ಬಂದವರನ್ನು ಕೇಳದೆ ಇನ್ಯಾರನ್ನು ಕೇಳುವುದು? ಇಲ್ಲಿ ನಾನು ರಾಯರ ಪಕ್ಷ.

2024ರಲ್ಲಿ ಸೂರ್ಯರ ಎದುರು ಸೌಮ್ಯಾ ರೆಡ್ಡಿ. ಹಿಂದಿನ ವರ್ಷವಷ್ಟೇ ಜಯನಗರ ವಿಧಾನಸಭೆಯಲ್ಲಿ 16 ಮತಗಳಲ್ಲಿ ಸೋತವರು. ಆ ಹದಿನಾರು ರಾಯರಿಗೆ ಮಂತ್ರವಾಯಿತು. “ನಮ್ಮ ವಠಾರ ಮನಸ್ಸು ಮಾಡಿದ್ರೆ ಸಾಕಿತ್ತು!” ಹೀಗೆ ಮಾತಿಗೆ ತೂಕ ಬಂದ ಮೇಲೆ ತೀರ್ಮಾನ ಇನ್ನಷ್ಟು ಮುಂದಕ್ಕೆ ಹೋಯಿತು. ಕೊನೆಗೆ ಸೂರ್ಯ ಗೆದ್ದ ಅಂತರ 2.77 ಲಕ್ಷ.

ಏಪ್ರಿಲ್ 26, ಶುಕ್ರವಾರ. ಕ್ಷೇತ್ರದ ಸುಮಾರು ಅರ್ಧ ಮತದಾರರು ಮನೆಯಲ್ಲೋ ಮಡಿಕೇರಿಯಲ್ಲೋ ಉಳಿದರು. ರಾಯರು ಮಾತ್ರ ಏಳಕ್ಕೆ ಮುಂಚೆಯೇ ಸಾಲಿನಲ್ಲಿದ್ದರು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೊರಬಂದವರನ್ನು ಕೇಳಿದ್ದಕ್ಕೆ, “ಗುಪ್ತ ಮತದಾನ ಕಣ್ರೀ.” ಶಾಯಿ ತೋರಿಸಿದವರಿಗೆ ಹೋಟೆಲಿನಲ್ಲಿ ದೋಸೆ ಪುಕ್ಕಟೆ ಎಂದಾಗ ಅಲ್ಲೂ ಪರಿಶೀಲನೆ: “ಓಟಿಗೆ ಮುಂಚೆ ತಿಂದ್ರೆ ಆಮಿಷ, ಓಟಾದ ಮೇಲೆ ತಿಂದ್ರೆ ತಿಂಡಿ.”

ಅವರ ಮನೆಯಾಕೆ ಅನ್ನಕ್ಕಿಟ್ಟು, ಹತ್ತು ಗಂಟೆಗೆ ಹೋಗಿ ಕುಕ್ಕರ್ ಇಳಿಸುವ ಹೊತ್ತಿಗೆ ಬಂದಿದ್ದರು. ರಾಯರ ಗುಪ್ತ ಮತದ ಬಗ್ಗೆ ಕೇಳಿದರೆ, “ಗುಪ್ತ ಏನ್ ಬಂತು? ಮದುವೆಯಾದಾಗಿಂದ ಒಂದೇ ಗುರುತು. ಕಾಗದ ಎಲ್ಲಾ ಸುಮ್ನೆ ಓದ್ತಾರೆ” ಎಂದರು.

“ನಿಮ್ಮದು?”

“ಪಾಂಪ್ಲೆಟ್ ಕೊಡೋಕೆ ಬಂದಿದ್ರಲ್ಲ, ಅದ್ರಲ್ಲಿ ಒಂದು ಪಾರ್ಟಿ ಹುಡುಗ್ರು ಹೋಗೋವಾಗ ಗೇಟ್ ಹಾಕ್ಕೊಂಡು ಹೋದ್ರು. ಅವರಿಗೇ ಹಾಕ್ದೆ.”