ತೂಬು ಮೀಮಾಂಸೆ ಅಥವಾ ಹುಲ್ಲಹಳ್ಳಿ ನಾಲೆಯಲ್ಲಿ ತ್ರಿಮತ ನಿರ್ಣಯ

ಲಿಬರ್ಟೇರಿಯನ್ ಮತ ಅರಾಜಕವಾದದ ಮಗನೋ, ಹಳೆಯ ಉದಾರವಾದದ ಮೊಮ್ಮಗನೋ? ಈ ಜಿಜ್ಞಾಸೆಗೆ ವಿದ್ವಾಂಸರು ಲಂಡನ್ನಿನಲ್ಲೂ ಷಿಕಾಗೋದಲ್ಲೂ ಪ್ರಮಾಣ ಹುಡುಕಿದರೇ ಹೊರತು, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಯ ಕಡೆ ತಲೆಹಾಕಲಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ಮೊದಲು ಪೂರ್ವಪಕ್ಷ. ಹಳೆಯ ಉದಾರವಾದದ ಆಡಂ ಸ್ಮಿತ್ 1776ರಲ್ಲಿ ಬರೆದದ್ದನ್ನು ನಾಲೆಗೆ ಇಳಿಸಿದರೆ ಇಷ್ಟು: ನೀರುಗಂಟಿ ಇರಲಿ, ಸರ್ಕಾರ ಹೂಳೂ ತೆಗೆಸಲಿ, ಭತ್ತ ಹಾಕು ಕಬ್ಬು ಹಾಕು ಎಂದು ಹೇಳಲು ಮಾತ್ರ ಬರಬಾರದು. ನೀರುಗಂಟಿ ಕಳ್ಳನನ್ನು ಹಿಡಿದರೆ ಸಾಕು, ಹೂಳಿನ ಖರ್ಚು ನನ್ನನ್ನು ಕೇಳಬೇಡಿ ಎಂದರೆ ಅದು ಲಿಬರ್ಟೇರಿಯನ್ ಮತದ ರಾಬರ್ಟ್ ನೋಜಿಕ್. ಆತನ ಗ್ರಂಥ ಬಂದದ್ದು 1974ರಲ್ಲಿ. ಇದೇ ಹೊಳೆಗೆ ಮೇಲೆ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆ ಮುಗಿದದ್ದೂ ಅದೇ ವರ್ಷ. ಇದನ್ನು ಕಾಕತಾಳೀಯ ಎನ್ನುವವರು ಸಂಶೋಧನೆಗೆ ನಾಲಾಯಕ್ಕು. ನೀರುಗಂಟಿಯೇ ಬೇಡ, ಸರದಿಯನ್ನು ನಾವೇ ಕೂತು ಗೊತ್ತುಮಾಡಿಕೊಳ್ಳುತ್ತೇವೆ ಎನ್ನುವವರು ಅರಾಜಕರು. 1858ರಲ್ಲಿ ನ್ಯೂಯಾರ್ಕಿನಲ್ಲಿ ‘ಲೆ ಲಿಬರ್ತೇರ್’ ಪತ್ರಿಕೆ ಹೊರಡಿಸಿದ ಫ್ರಾನ್ಸಿನ ಜೋಸೆಫ್ ದೆಜಾಕ್ ಈ ಪಂಗಡದವನು, ಬದುವನ್ನೇ ಒಪ್ಪದವನು. ಈಗ ಅದೇ ಲಿಬರ್ಟೇರಿಯನ್ ಹೆಸರಿನವರು ಬದುವಿಗೆ ಮುಳ್ಳುತಂತಿ ಬಿಗಿಯುತ್ತಿದ್ದಾರೆ. ವಂಶವೃಕ್ಷ ಬರೆಯಹೊರಟವರ ಪಾಡು ದೇವರಿಗೇ ಪ್ರೀತಿ.

ಇನ್ನು ಸಿದ್ಧಾಂತ. ತೂಬಿನ ಪಕ್ಕದಲ್ಲಿ ಗದ್ದೆಯಿರುವವನು ಹುಟ್ಟಾ ಲಿಬರ್ಟೇರಿಯನ್. “ನಮ್ ಪಾಡ್ಗ ನಮ್ಮ ಬುಟ್ಬುಡಿ ಸ್ವಾಮಿ” ಎಂಬುದು ಅವನ ಮೂಲಸೂತ್ರ. ನಾಲೆಯ ಕೊನೆಯವನು ಇಂಜಿನಿಯರು, ತಹಸೀಲ್ದಾರರು, ಪೊಲೀಸರು, ಎಲ್ಲರೂ ಬರಲಿ ಎನ್ನುತ್ತಾನೆ. ಎರಡೂ ಕಡೆ ಗದ್ದೆಯಿರುವವನು ಬೆಳಿಗ್ಗೆ ನೋಜಿಕ್, ಸಂಜೆ ಅರ್ಜಿದಾರ. ನಡುರಾತ್ರಿಯಲ್ಲಿ ಮತಭೇದವಿಲ್ಲ: ಟಾರ್ಚು ಆರಿಸಿ, ಸನಿಕೆಯಲ್ಲಿ ಎರಡು ಹೆಂಟೆ ಎತ್ತಿ ಪಕ್ಕದವನ ಮಡೆಗೆ ಮೆತ್ತಿ, ತನ್ನ ಮಡೆ ಬಿಡಿಸಿ, ಕೆಮ್ಮದೆ ಮನೆ ಸೇರುವುದು.

ಇಲ್ಲೊಂದು ಆಕ್ಷೇಪ. 1980ರ ದಶಕದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಊರಬಾಗಿಲಲ್ಲಿ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಗೆ ಬರಕೂಡದೆಂದು ಫಲಕ ನೆಟ್ಟಿತಲ್ಲ, ಹಾಗಾದರೆ ಅದರ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅರಾಜಕರೇ? ಸಮಾಧಾನ: ಜಪ್ತಿಗೆ ಬರುವ ಸರ್ಕಾರಕ್ಕೆ ಫಲಕ, ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವವನ್ನು ತಡೆಯುವ, ಬೆಳೆಗೆ ಬೆಲೆ ಕೊಡಿಸುವ ಸರ್ಕಾರಕ್ಕೆ ಸ್ವಾಗತ. ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿಯವರಿಗೂ ಸರ್ಕಾರದ ಮೇಲೆ ಅಷ್ಟೇ ಸಿಟ್ಟು, ಆದರೆ ಅದೇ ಡಂಕೆಲ್‌ಗೆ ಅವರು ಜೈ ಎಂದರು. ಆದ್ದರಿಂದ ಫಲಕಕ್ಕೆ ನಮ್ಮ ಭಾಷ್ಯ: ನೀರು ಬಿಡಲು ಬರುವ ಅಧಿಕಾರಿಗೆ ಅಪ್ಪಣೆ ಬೇಕಿಲ್ಲ, ನೀರುಕಂದಾಯ ಕೇಳಲು ಬಂದವರು, ಮೂರು ಮತದವರೂ ಒಮ್ಮತಕ್ಕೆ ಬರುವ ತನಕ, ಅರಳಿಕಟ್ಟೆಯ ಮೇಲೆ ಕಾಯತಕ್ಕದ್ದು.